ಎರಡು ರಿಜಿಸ್ಟರುಗಳು

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಸಲಿಂಗ ವಿವಾಹದ ಪ್ರಶ್ನೆಯನ್ನು ಎತ್ತಿದರೆ ಗೆಳೆಯರಲ್ಲಿ ಕೆಲವರಿಗಾದರೂ ಸಿಟ್ಟು ಬರುತ್ತದೆ. ಸೇಡಂ, ಚಿತ್ತಾಪುರ ಕಡೆಯ ನಮ್ಮ ಸಭೆಗಳಲ್ಲಿ ಈ ಮಾತು ತೆಗೆದಾಗಲೆಲ್ಲ ನಾನು ಕೇಳಿಸಿಕೊಂಡ ಉತ್ತರ ಬಹುಮಟ್ಟಿಗೆ ಒಂದೇ. ಶಹಾಬಾದದ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿದು ಬಂದ ಹಿರಿಯರೊಬ್ಬರು ಅದನ್ನು ನೇರವಾಗಿಯೇ ಅಂದರು: "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂ ಅಂದಂಗಾಯ್ತು ಸರ. ಇದು ದೊಡ್ಡ ಊರಿನ ಮಂದಿ ಚಾಳಿ."

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿದ್ದೂ ಇದನ್ನೇ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೇಳುತ್ತಿರುವುದು ನಗರದ ಮೇಲ್ವರ್ಗದವರ ಅಭಿಪ್ರಾಯವಷ್ಟೇ ಎಂದು ಅದು ವಾದಿಸಿತು. ಖಣಿಯ ಕೂಲಿಕಾರನ ಬಾಯಲ್ಲೂ ದಿಲ್ಲಿಯ ಕಾಗದದಲ್ಲೂ ಒಂದೇ ಮಾತು ಬಂದರೆ ಆ ಮಾತಿನ ಹುಟ್ಟೂರು ಯಾವುದು ಎಂದು ನಾವು ಹುಡುಕಲೇಬೇಕಾಗುತ್ತದೆ.

ಚರಿತ್ರೆ ಬೇರೆಯದನ್ನು ಹೇಳುತ್ತದೆ. 1948ರವರೆಗೆ ನಮ್ಮ ಈ ತಾಲ್ಲೂಕುಗಳೆಲ್ಲ ನಿಜಾಮನ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದವು. ಫಸಲಿ 1329ರಲ್ಲಿ, ಅಂದರೆ 1919-20ರಲ್ಲಿ, ಆ ಸಂಸ್ಥಾನ ಹಿಜಡಾಗಳ ಮೇಲೊಂದು ಕಾಯ್ದೆ ತಂದಿತು. ಹೈದರಾಬಾದ ನಗರದಲ್ಲೂ, ಸರ್ಕಾರ ಹೆಸರಿಸುವ ಬೇರೆ ಊರುಗಳಲ್ಲೂ, ಗುಮಾನಿ ಇರುವ ಹಿಜಡಾಗಳ ಹೆಸರು, ವಾಸಸ್ಥಳ ಬರೆದಿಡಲು ಒಂದು ರಿಜಿಸ್ಟರು. ಹಾಗೆ ಹೆಸರು ಸೇರಿದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ, ಕುಣಿದರೆ, ಹಾಡು ಬಾರಿಸಿದರೆ ವಾರಂಟಿಲ್ಲದೆ ಹಿಡಿಯಬಹುದು; ಎರಡು ವರ್ಷದವರೆಗೆ ಜೈಲು. ಬೀದಿಯಲ್ಲಿ ಕುಣಿದು ಹೊಟ್ಟೆ ಹೊರೆಯುತ್ತಿದ್ದವರು ಮೇಲ್ವರ್ಗದವರೇನಲ್ಲ.

ಈ ಕಾಯ್ದೆಯ ತಾಯಿಬೇರು 1871ರ ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿದೆ. ಅದರ ಮೊದಲ ಭಾಗ ಬುಡಕಟ್ಟುಗಳ ಮೇಲೆ, ಎರಡನೆಯ ಭಾಗ ಹಿಜಡಾಗಳ ಮೇಲೆ. ರಿಜಿಸ್ಟರಿಗೆ ಸೇರಿದ ಹಿಜಡಾ ದತ್ತು ತೆಗೆದುಕೊಳ್ಳುವಂತಿಲ್ಲ, ಮಕ್ಕಳ ಪೋಷಕರಾಗುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಎಂದರೆ ಇವರಿಗೆ ಕುಟುಂಬವೇ ಇರಕೂಡದು ಎಂದು ಪ್ರಭುತ್ವ ಆಗಲೇ ಬರೆದಿಟ್ಟಿತ್ತು. ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹೊತ್ತ ಸಮುದಾಯಗಳೂ ಇವರೂ ಒಂದೇ ಪುಸ್ತಕದೊಳಗೆ ಸೇರಿದ್ದರು. ಚಿಂಚೋಳಿಯ ತಾಂಡಾಗಳ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ನಿಜಾಮನ ಕಾಲದ ಮಾತಾಯಿತು ಎನ್ನುವ ಹಾಗೂ ಇಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಹಿಜಡಾಗಳ ರಿಜಿಸ್ಟರು ಇಡುವ ಅಧಿಕಾರ ಪೊಲೀಸ್ ಕಮಿಷನರಿಗೆ. ಭಾಷೆಯೂ ಅದೇ ಹಳೆಯ ಅಚ್ಚು. ಹೈಕೋರ್ಟಿಗೆ ಅರ್ಜಿ ಹೋದ ಮೇಲೆ ಆ ಪದ ಅಳಿಸಿ 'ವ್ಯಕ್ತಿ' ಎಂದು ಹಾಕಿದರು. ಹೈದರಾಬಾದಿನ ಮೂಲ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಮದುವೆಯ ಮೊಕದ್ದಮೆಯ ವಾದ ಮುಗಿದದ್ದು ಅದೇ ಮೇ 11ಕ್ಕೆ, ತೀರ್ಪು ಬಂದದ್ದು ಅಕ್ಟೋಬರ್ 17ಕ್ಕೆ. ವಾದ ನಡೆದಿದ್ದಾಗ ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಗದ್ದಲ. ಮೀಸಲು ಕ್ಷೇತ್ರಗಳಾದ ಚಿತ್ತಾಪುರ, ಚಿಂಚೋಳಿಯಲ್ಲಿ ನಾನು ಕೇಳಿದ ಯಾವ ಭಾಷಣದಲ್ಲೂ ಇದರ ಸುದ್ದಿ ಇರಲಿಲ್ಲ.

ಅಂಬೇಡ್ಕರರನ್ನು ಮುಂದಿಟ್ಟು ಈ ಪ್ರಶ್ನೆಯನ್ನು ತಳ್ಳಿಹಾಕುವವರಿಗೆ ಒಂದು ಸಂಗತಿ ನೆನಪಿಸಬೇಕು. 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಪತ್ರಿಕೆಯ ಸಂಪಾದಕ ರ.ಧೋಂ. ಕರ್ವೆಯವರ ಮೇಲೆ 1934ರಲ್ಲಿ ಅಶ್ಲೀಲತೆಯ ಮೊಕದ್ದಮೆ ಬಿತ್ತು. ಓದುಗರು ಹಸ್ತಮೈಥುನದ ಬಗ್ಗೆ, ಸಲಿಂಗಕಾಮದ ಬಗ್ಗೆ ಕೇಳಿದ್ದಕ್ಕೆ ಅವರು ಉತ್ತರ ಬರೆದದ್ದೇ ತಪ್ಪಾಯಿತು. ಕರ್ವೆಯವರ ಪರ ಮುಂಬಯಿಯಲ್ಲಿ ವಕೀಲರಾಗಿ ನಿಂತವರು ಬಾಬಾಸಾಹೇಬರು. ಮೊಕದ್ದಮೆ ಸೋತಿತು, 200 ರೂಪಾಯಿ ದಂಡ ಬಿತ್ತು. ನಮ್ಮ ಜಯಂತಿಯ ವೇದಿಕೆಗಳಲ್ಲಿ ಈ ಸಂಗತಿ ನನ್ನ ಕಿವಿಗೆ ಒಮ್ಮೆಯೂ ಬಿದ್ದಿಲ್ಲ.

ಮದುವೆಯ ವಿಷಯದಲ್ಲಂತೂ ಅವರ ನಿಲುವು ಸ್ಪಷ್ಟ. ಜಾತಿಯ ಜೀವಾಳ ಒಳವಿವಾಹ ಎಂದು 1916ರಲ್ಲೇ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ವಾದಿಸಿದ್ದರು. ಯಾರು ಯಾರನ್ನು ಕಟ್ಟಿಕೊಳ್ಳಬೇಕು ಎಂದು ಕುಲ ತೀರ್ಮಾನಿಸುವುದೇ ಜಾತಿ. ನಮ್ಮ ಜಿಲ್ಲೆಗೆ ಹೊಂದಿಕೊಂಡಿರುವ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಲಗ್ನವಾದದ್ದಕ್ಕೆ ಅಪ್ಪಂದಿರನ್ನು ಎಳೆಹೂಟೆ ಕಟ್ಟಿ ಕೊಲ್ಲಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. 2019ರಲ್ಲಿ ಗದಗ ಜಿಲ್ಲೆಯಲ್ಲಿ ಜಾತಿ ಮೀರಿ ಮದುವೆಯಾದ ಜೋಡಿಯನ್ನು ಹುಡುಗಿಯ ಕಡೆಯವರೇ ಕಲ್ಲಿನಿಂದ ಜಜ್ಜಿ ಕೊಂದರು. ಹುಡುಗ, ಹುಡುಗಿ ಇಬ್ಬರೂ ಪರಿಶಿಷ್ಟ ಜಾತಿಯವರೇ. ಕುಲ ಕಾಯುವ ಕೆಲಸ ಮೇಲ್ಜಾತಿಯವರದಷ್ಟೇ ಎಂದು ಹೇಳಿ ಕೈತೊಳೆದುಕೊಳ್ಳಲು ನಮಗೂ ಆಗುವುದಿಲ್ಲ.

ಸಂಸ್ಕೃತಿಯ ಮಾತನ್ನೂ ಆಡಿಬಿಡೋಣ. ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಮದುವೆ ಮಾಡಿದ್ದನ್ನು ಈ ಸಮಾಜ ಸಹಜ ಎಂದೇ ಒಪ್ಪಿತ್ತು. 1982ರಲ್ಲಿ ಅದಕ್ಕೊಂದು ನಿಷೇಧ ಕಾಯ್ದೆ ಬೇಕಾಯಿತು. ಜೋಗಪ್ಪಗಳಿಗೂ ಅದೇ ಮುತ್ತು. ಗಂಡುದೇಹದ ಜೀವವೊಂದು ಎಲ್ಲಮ್ಮನಿಗೆ ಒಪ್ಪಿಸಿಕೊಂಡು ಸೀರೆಯುಟ್ಟು ಬಂದರೆ ಕಾಲಿಗೆ ಬೀಳುತ್ತಾರೆ. ಅದೇ ಜೀವ ಒಬ್ಬ ಮನುಷ್ಯನ ಕೈ ಹಿಡಿದು ಬಾಡಿಗೆ ಮನೆ ಕೇಳಲಿ ನೋಡಿ.

ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು. ಸಲಿಂಗ ಜೋಡಿಗಳ ಕೂಡುಬಾಳಿಗೆ ಕಾನೂನಿನ ಮಾನ್ಯತೆ ಸಿಗಬೇಕೆಂದವರು ಇಬ್ಬರು, ಒಲ್ಲೆ ಎಂದವರು ಮೂವರು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದುಹೋದವು. ಒಂದು ಮಾತ್ರ ದಕ್ಕಿತು: ಹೆಣ್ಣಾಗಿ ಬಾಳುವ ಲಿಂಗಾಂತರಿಯೂ ಗಂಡಸೂ ಈಗಿರುವ ಕಾಯ್ದೆಗಳಲ್ಲೇ ಮದುವೆಯಾಗಬಹುದು. ಬೆಂಗಳೂರಿನ ಅಕ್ಕೈ ಪದ್ಮಶಾಲಿ 2017ರಲ್ಲೇ ಅದನ್ನು ಮಾಡಿ ತೋರಿಸಿದ್ದರು. ಇದನ್ನು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಚಪ್ಪಾಳೆ ತಟ್ಟಿ ಬದುಕುವ ಒಬ್ಬಾಕೆಗೆ ಹೇಳಿದೆ. "ಮೊದಲ ನೌಕರಿ ಕೊಡಸ್ರಿ ಅಣ್ಣಾ, ಮದ್ವಿ ಹಿಂದಿಂದ ನೋಡೂಣು" ಅಂದಳು. ಅವಳ ಮಾತು ಖರೇ. ಸರ್ಕಾರಿ ನೌಕರಿಯಲ್ಲಿ ಶೇ. 1ರ ಮೀಸಲಾತಿಯನ್ನು ಕರ್ನಾಟಕ 2021ರಲ್ಲೇ ಕೊಟ್ಟಿದೆ. ಶಾಲೆ ಬಿಡಿಸಿಕೊಂಡು ಮನೆಯಿಂದ ಹೊರಬಿದ್ದವಳಿಗೆ ಆ ಬಾಗಿಲು ದೂರ. ಆದರೂ ನೌಕರಿ ಬಂದ ಮೇಲೆ ಪಿಂಚಣಿ ಯಾರ ಹೆಸರಿಗೆ ಎಂದು ಕೇಳಿದಾಗ ಮದುವೆಯ ಪ್ರಶ್ನೆ ಬಂದೇ ಬರುತ್ತದೆ.

ನನಗೆ ಹೆಚ್ಚು ಕಾಡುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರ ನಾಲ್ಕನೆಯ ಕಲಮು 'ಯಾವುದೇ ಇಬ್ಬರು ವ್ಯಕ್ತಿಗಳು' ಎಂದೇ ಶುರುವಾಗುತ್ತದೆ. ಗಂಡಿಗೆ 21, ಹೆಣ್ಣಿಗೆ 18 ಎಂಬ ಷರತ್ತು ಕೆಳಗೆ ಬರುತ್ತದೆ. ಐದು, ಆರು, ಏಳನೆಯ ಕಲಮುಗಳಲ್ಲಿ ಇನ್ನೊಂದು ರಿಜಿಸ್ಟರಿದೆ. ನೋಟಿಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು, ಯಾರು ಬೇಕಾದರೂ ಆ ಪುಸ್ತಕ ಬಿಡಿಸಿ ನೋಡಬಹುದು, 30 ದಿನದೊಳಗೆ ತಕರಾರು ಹಾಕಬಹುದು. ಊರಗೌಡನ ಮನೆಗೆ ಸುದ್ದಿ ಮುಟ್ಟಲು 30 ದಿನ ಬೇಕೇ? 2023ರ ಪೀಠ ಈ ನೋಟಿಸಿನ ತಂಟೆಗೆ ಹೋಗಲಿಲ್ಲ. ಅದು ಇಂದಿಗೂ ಹಾಗೆಯೇ ಇದೆ.

ಅದಕ್ಕೇ ನಮ್ಮ ಕಡೆಯ ಎಷ್ಟೋ ಜೋಡಿಗಳು ಈ ಕಾಯ್ದೆಯ ಗೊಡವೆಯೇ ಬೇಡವೆಂದು ಗುಡಿಯಲ್ಲಿ ತಾಳಿ ಕಟ್ಟಿಕೊಂಡು, ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಾಯಿಸಿಕೊಂಡು ಬರುತ್ತವೆ. ನೋಟಿಸು ತಪ್ಪಿಸಿಕೊಳ್ಳಲು ಮತ್ತೆ ಪುರೋಹಿತನ ಬಾಗಿಲಿಗೇ ಹೋಗಬೇಕು. ಮಂತ್ರ ಬೇಡವೆನ್ನುವ ಬೇರೆ ಬೇರೆ ಜಾತಿಯ ಅಂಬೇಡ್ಕರ್‌ವಾದಿ ಜೋಡಿಗೆ, ದಲಿತ ಹುಡುಗ–ಮುಸ್ಲಿಂ ಹುಡುಗಿಗೆ ಆ ಗೋಡೆಯೇ ಗತಿ. ಇಬ್ಬರು ಹೆಣ್ಣುಮಕ್ಕಳಿಗೆ ಸದ್ಯಕ್ಕೆ ಗುಡಿಯೂ ಇಲ್ಲ, ಗೋಡೆಯೂ ಇಲ್ಲ.