ಅಡುಗೆಮನೆಯಿಂದ ಬಂದ ತಟ್ಟೆ: ಅಣಬೆ ಬೀಜದ ಹಿಂದಿನ ಕತೆ

ಹೋದ ಮಳೆಗಾಲದಲ್ಲಿ ನಮ್ಮ ಬಳಗದ ಒಬ್ಬರ ಮನೆಯಲ್ಲಿ 40 ಚೀಲ ಅಣಬೆ ಹಾಕಿದ್ದರು. ಭತ್ತದ ಹುಲ್ಲು ಬೇಯಿಸಿ, ನೀರು ಬಸಿದು, ಪದರ ಪದರವಾಗಿ ಬೀಜ ಉದುರಿಸಿ ಕಟ್ಟಿದ್ದೆಲ್ಲ ಸರಿಯಾಗಿಯೇ ಇತ್ತು. ಹತ್ತು ದಿನ ಕಳೆಯುವಷ್ಟರಲ್ಲಿ ಬಿಳಿ ನೂಲಿನ ಬದಲು ಹಸಿರು ಬೂಷ್ಟು ಹಬ್ಬಿತು. 27 ಚೀಲ ತಿಪ್ಪೆಗೆ ಹೋದವು. ಹುಲ್ಲು ಸರಿಯಿಲ್ಲ ಎಂದರು ಒಬ್ಬರು, ಕೈ ಸರಿಯಿಲ್ಲ ಎಂದರು ಇನ್ನೊಬ್ಬರು. ಉಳಿದಿದ್ದ ಬೀಜದ ಪೊಟ್ಟಣ ಬಿಚ್ಚಿ ನೋಡಿದರೆ, ಜೋಳದ ಕಾಳುಗಳ ನಡುವೆಯೇ ಹಸಿರು ಚುಕ್ಕೆಗಳಿದ್ದವು.

ಅಣಬೆ ಬೀಜ ಎನ್ನುವುದು ನಿಜಕ್ಕೂ ಬೀಜವಲ್ಲ. ಬೇಯಿಸಿದ ಜೋಳದ ಮೇಲೆ ಬೆಳೆಸಿದ ಅಣಬೆಯ ನೂಲು ಅದು. ಹಾಲಿಗೆ ಹೆಪ್ಪು ಇದ್ದ ಹಾಗೆ. ಹೆಪ್ಪು ಕೆಟ್ಟಿದ್ದರೆ ಹಾಲು ಎಷ್ಟು ಚೆನ್ನಾಗಿದ್ದರೇನು? ಈ ಹೆಪ್ಪಿಗೂ ಒಂದು ಮೂಲ ಹೆಪ್ಪು ಇದೆ. ಅದು ಬೆಳೆಯುವುದು ಅಗರ್ ತಟ್ಟೆಯ ಮೇಲೆ. ಆ ತಟ್ಟೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದ ನಾವು ಕೊನೆಗೆ ತಲುಪಿದ್ದು ಜರ್ಮನಿಯ ಒಂದು ಅಡುಗೆಮನೆಗೆ.

ಬೇಸಿಗೆಯಲ್ಲೂ ಕರಗದ ಜೆಲ್ಲಿ

1881ರ ಹೊತ್ತಿಗೆ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯರು ರೋಗಾಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಲು ಹೆಣಗುತ್ತಿದ್ದರು. ಮೊದಲು ಬೇಯಿಸಿದ ಆಲೂಗಡ್ಡೆ ಹೋಳಿನ ಮೇಲೆ ಬೆಳೆಸಿದರು. ಆಮೇಲೆ ಜೆಲಾಟಿನ್ ಬಳಸಿದರು. ಜೆಲಾಟಿನ್ ಬೆಚ್ಚಗಾದರೆ ಕರಗುತ್ತದೆ. ಕೆಲವು ಸೂಕ್ಷ್ಮಾಣುಗಳು ಅದನ್ನೇ ತಿಂದು ನೀರು ಮಾಡುತ್ತವೆ.

ಕಾಕ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಎಂಬ ವೈದ್ಯರಿಗೂ ಇದೇ ಗೋಳು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಹುಟ್ಟಿದ್ದು ಅಮೆರಿಕದಲ್ಲಿ. ಗಂಡನ ಪ್ರಯೋಗಗಳಿಗೆ ನೆರವಾಗುತ್ತಿದ್ದರು, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಚಿತ್ರ ಬರೆದು ಕೊಡುತ್ತಿದ್ದರು, ಮನೆಯ ಅಡುಗೆಯನ್ನೂ ನೋಡಿಕೊಳ್ಳುತ್ತಿದ್ದರು. ಅವರು ಮಾಡುತ್ತಿದ್ದ ಜೆಲ್ಲಿ ಬೇಸಿಗೆಯಲ್ಲೂ ಕರಗುತ್ತಿರಲಿಲ್ಲ. ಕಾರಣ ಅಗರ್. ಜಾವಾದಲ್ಲಿ ಇದ್ದು ಬಂದಿದ್ದ ಡಚ್ ನೆರೆಯವರಿಂದ ಅದನ್ನು ಕಲಿತಿದ್ದರು. ಅದನ್ನೇ ಪ್ರಯೋಗಕ್ಕೂ ಬಳಸಿ ಎಂದು ಗಂಡನಿಗೆ ಹೇಳಿದ್ದು ಅವರೇ.

ಅಗರ್ ಎಂದರೆ ಕಡಲ ಪಾಚಿಯಿಂದ ತೆಗೆದ ಅಂಟು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಇದೇ. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿ ಬಿಸಿಯಾಗುವ ತನಕ ಕರಗುವುದಿಲ್ಲ. ಅದನ್ನು ತಿಂದು ಅರಗಿಸಿಕೊಳ್ಳುವ ಸೂಕ್ಷ್ಮಾಣುಗಳೂ ಕಡಿಮೆ.

ಹೆಸ್ಸೆ ಈ ವಿಷಯವನ್ನು ಕಾಕ್ ಅವರಿಗೆ ತಿಳಿಸಿದರು. 1882ರಲ್ಲಿ ಕ್ಷಯದ ರೋಗಾಣು ಕಂಡುಹಿಡಿದ ಬಗ್ಗೆ ಕಾಕ್ ಬರೆದಾಗ ಅಗರ್ ಹೆಸರು ಬಂತು, ಫ್ಯಾನಿ ಹೆಸರು ಬರಲಿಲ್ಲ. 1887ರಲ್ಲಿ ಕಾಕ್ ಅವರ ಇನ್ನೊಬ್ಬ ಸಹಾಯಕ ಪೆಟ್ರಿ ಮುಚ್ಚಳವಿರುವ ಗಾಜಿನ ತಟ್ಟೆಯ ಬಗ್ಗೆ ಬರೆದರು. ಅದು ಇಂದಿಗೂ ಪೆಟ್ರಿ ತಟ್ಟೆ. ಅದರೊಳಗಿನ ಅಗರ್‌ಗೆ ಮಾತ್ರ ಯಾರ ಹೆಸರೂ ಅಂಟಲಿಲ್ಲ.

ತಿಪ್ಪೆಯ ಹೆಪ್ಪು, ತಟ್ಟೆಯ ಹೆಪ್ಪು

ಆ ಕಾಲದಲ್ಲಿ ಪ್ಯಾರಿಸ್ಸಿನ ರೈತರು ನೆಲದಡಿಯ ಹಳೆಯ ಕಲ್ಲುಗಣಿಗಳಲ್ಲಿ ಕುದುರೆ ಲದ್ದಿಯ ಮೇಲೆ ಬಟನ್ ಅಣಬೆ ಬೆಳೆಯುತ್ತಿದ್ದರು. ಬೀಜ ಬೇಕಾದರೆ ತಾನಾಗಿ ಅಣಬೆ ಎದ್ದ ಲದ್ದಿ ರಾಶಿಯಿಂದಲೋ ಹಳೆಯ ಮಡಿಯಿಂದಲೋ ನೂಲು ತರಬೇಕಿತ್ತು. ಅದರ ಜೊತೆಗೆ ರೋಗ, ಹುಳು, ಬೂಷ್ಟು ಎಲ್ಲವೂ ಬರುತ್ತಿದ್ದವು.

1894ರಲ್ಲಿ ಪ್ಯಾರಿಸ್ಸಿನ ಕೊಸ್ತಾಂತೆ ಮತ್ತು ಮಾತ್ರುಶೊ ಎಂಬ ವಿಜ್ಞಾನಿಗಳು ಅಣಬೆಯ ಬೀಜಕಣಗಳಿಂದ ಬೇರೆ ಯಾವುದೂ ಬೆರೆಯದ ಶುದ್ಧ ನೂಲು ಬೆಳೆಸಿದರು. 1905ರಲ್ಲಿ ಅಮೆರಿಕದ ಡಗ್ಗರ್ ಇನ್ನೂ ಸುಲಭದ ದಾರಿ ತೋರಿಸಿದರು: ಒಳ್ಳೆಯ ಅಣಬೆಯೊಂದನ್ನು ಸೀಳಿ, ಹೊರಗಿನ ಗಾಳಿ ಸೋಕದ ಒಳಗಿನ ತಿರುಳಿನ ಚೂರನ್ನು ಪೋಷಕ ಆಹಾರದ ಮೇಲಿಟ್ಟರೆ ಸಾಕು, ನೂಲು ಹಬ್ಬುತ್ತದೆ. 1932ರಲ್ಲಿ ಸಿಂಡೆನ್ ಎಂಬುವರು ಆ ನೂಲನ್ನು ಧಾನ್ಯದ ಮೇಲೆ ಬೆಳೆಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಮ್ಮ ಜೋಳದ ಪೊಟ್ಟಣ ಆ ವಿಧಾನದ ಮೊಮ್ಮಗು.

ಕತೆ ಮೈಸೂರಿಗೂ ಬಂತು. ಬಟನ್ ಅಣಬೆಗೆ ತಂಪು ಬೇಕು, ನಮ್ಮ ಬಯಲುಸೀಮೆಗೆ ಒಗ್ಗದು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಜಕಿಯಾ ಬಾನು ಮತ್ತು ಶ್ರೀವಾಸ್ತವ ಅವರು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಸಿ, 1962ರಲ್ಲಿ ಆ ವಿಧಾನ ಪ್ರಕಟಿಸಿದರು. ಇಂದು ನಮ್ಮ ಹಿತ್ತಲ ಕೊಟ್ಟಿಗೆಗಳಲ್ಲಿ ಹುಲ್ಲಿನ ಚೀಲ ನೇತಾಡುತ್ತಿದ್ದರೆ ಅದರಲ್ಲಿ ಈ ಕೆಲಸದ ಪಾಲೂ ಇದೆ.

ನಮ್ಮ ಆರು ಬಾಟಲಿ

ಇಷ್ಟು ತಿಳಿದ ಮೇಲೆ ನಾವೂ ಒಮ್ಮೆ ಮಾಡಿ ನೋಡಿದೆವು. 200 ಗ್ರಾಂ ಆಲೂಗಡ್ಡೆ ಬೇಯಿಸಿ ಸೋಸಿದ ನೀರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್, 20 ಗ್ರಾಂ ಅಗರ್ ಪುಡಿ ಹಾಕಿ ಒಂದು ಲೀಟರ್ ಮಾಡಿಕೊಂಡೆವು. ಆರು ಸಣ್ಣ ಗಾಜಿನ ಬಾಟಲಿಗಳಿಗೆ ಸ್ವಲ್ಪ ಸ್ವಲ್ಪ ಹಾಕಿ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿದೆವು. ಆರಿದ ಮೇಲೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಚಿಪ್ಪಣಬೆಯ ಒಳತಿರುಳು ಇಟ್ಟೆವು. ವಾರದಲ್ಲಿ ಎರಡು ಬಾಟಲಿ ಹಸಿರಾದವು. ಒಂದರಲ್ಲಿ ಲೋಳೆ ಕಟ್ಟಿ ವಾಸನೆ ಬಂತು. ಮೂರರಲ್ಲಿ ಹತ್ತಿಯಂಥ ಬಿಳಿ ನೂಲು ಹಬ್ಬಿತು. ಕೆಟ್ಟವನ್ನು ಮುಚ್ಚಳ ತೆಗೆಯದೆ ಕುಕ್ಕರಿನಲ್ಲಿ ಮತ್ತೆ ಬೇಯಿಸಿ ಚೆಲ್ಲಿದೆವು.

ಒಳ್ಳೆಯ ನೂಲಿನ ಅಂಚಿನಿಂದ ಚೂರು ತೆಗೆದು ಹೊಸ ಬಾಟಲಿಗೆ ಹಾಕಬಹುದು. ಆದರೆ ಹಾಕುತ್ತಲೇ ಹೋದರೆ ನೂಲು ಸೊರಗುತ್ತದೆ. ಹಳೆಯ ಹೆಪ್ಪಿನಂತೆ ಅದನ್ನೂ ಆಗಾಗ ಹೊಸದು ಮಾಡಿಕೊಳ್ಳಬೇಕು. ಗುರುತಿಲ್ಲದ ಕಾಡಣಬೆಯ ತಂಟೆಗೆ ಹೋಗಬೇಡಿ.

ನೀವೆಲ್ಲರೂ ಬೀಜ ತಯಾರಿಸಿ ಎಂದು ನಾವು ಹೇಳುತ್ತಿಲ್ಲ. ಅದಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಂಥ ಜಾಗಗಳಿವೆ. ನಾವು ಹೇಳುವುದು ಸಣ್ಣ ಮಾತು. ಬೀಜದ ಪೊಟ್ಟಣ ತಂದ ದಿನ ನಾಲ್ಕು ಕಾಳು ತೆಗೆದು ಇಂಥ ಬಾಟಲಿಯಲ್ಲಿಡಿ. ನಾಲ್ಕೈದು ದಿನ ಕಾಯಿರಿ, ಪೊಟ್ಟಣ ತಂಪಿನಲ್ಲಿರಲಿ. ಬೀಜ ಕೆಟ್ಟಿದ್ದರೆ ಬಾಟಲಿಯೇ ಹೇಳುತ್ತದೆ. ಹೋದ ವರ್ಷ ನಮಗೆ ಇದು ಗೊತ್ತಿದ್ದರೆ, 27 ಚೀಲದ ಹುಲ್ಲು ದನಕ್ಕಾದರೂ ಉಳಿಯುತ್ತಿತ್ತು. ಹುಲ್ಲು ಬೇಯಿಸಿ ಕಟ್ಟಿದ ಮನೆಯ ಹೆಂಗಸರು ಕೈ ಸರಿಯಿಲ್ಲ ಎಂಬ ಮಾತು ಕೇಳಬೇಕಾಗಿರಲಿಲ್ಲ.