ಪಾಸು, ಲಾಠಿ ಮತ್ತು ಮುಳ್ಳುಕಂಟಿ

ಸಾಂಕ್ರಾಮಿಕ ರೋಗಗಳ ಕಾಯಿದೆ ಎಂಬ ಪುಟ್ಟ ಕಾನೂನೊಂದು 1897ರ ಫೆಬ್ರವರಿ 4ರಂದು ಜಾರಿಗೆ ಬಂದಿತು. ಅದರಲ್ಲಿ ಇದ್ದದ್ದು ಒಟ್ಟು ನಾಲ್ಕೇ ಕಲಮುಗಳು. ಮೊದಲನೆಯದರಲ್ಲಿ ಹೆಸರು. ಎರಡನೆಯದರಲ್ಲಿ ರೈಲಿನಲ್ಲಿಯೋ ಬೇರೆ ಹಾದಿಯಲ್ಲಿಯೋ ಪ್ರಯಾಣ ಮಾಡುವವರನ್ನು ತಡೆದು ತಪಾಸಣೆ ಮಾಡುವ, ಸೋಂಕಿನ ಅನುಮಾನವಿದ್ದವರನ್ನು ಬೇರೆಯಿಡುವ ಅಧಿಕಾರ. ಮೂರನೆಯದರಲ್ಲಿ ಆಜ್ಞೆ ಮೀರಿದವರಿಗೆ ದಂಡಸಂಹಿತೆಯ 188ನೆಯ ಕಲಮಿನ ಶಿಕ್ಷೆ. ನಾಲ್ಕನೆಯದು, ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ ಎಂದು ಹೇಳುತ್ತದೆ. 2020ರ ಮಾರ್ಚಿನಲ್ಲಿ ನಮ್ಮನ್ನೆಲ್ಲ ಮನೆಯೊಳಗೆ ಕೂಡಿಸಿದ್ದು 123 ವರ್ಷಗಳಷ್ಟು ಹಳೆಯದಾದ ಇದೇ ಕಾನೂನು, 2005ರ ವಿಪತ್ತು ನಿರ್ವಹಣಾ ಕಾಯಿದೆಯ ಜೊತೆಗೂಡಿ.

ನನ್ನ ಬಳಿ ಇತಿಹಾಸ ಓದಿದವರಿಗೆ ಚಾಪೇಕರ್ ಸಹೋದರರ ಹೆಸರು ನೆನಪಿರಬೇಕು. ಮುಂಬೈಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಪುಣೆಯನ್ನು ಹೊಕ್ಕಾಗ ಅಲ್ಲಿ ಪ್ಲೇಗ್ ಅಧಿಕಾರಿಯಾಗಿ ಬಂದ ರ‍್ಯಾಂಡ್ ಎಂಬುವನು ಮನೆಮನೆ ಶೋಧಕ್ಕೆ ಗೋರಾ ಸಿಪಾಯಿಗಳನ್ನು ಬಳಸಿದ. ದೇವರ ಕೋಣೆ, ಅಡುಗೆಮನೆ ಎನ್ನದೆ ಬೂಟುಗಾಲಿನಲ್ಲಿ ಹೊಕ್ಕರೆಂಬ ಸಿಟ್ಟು ಊರಿಗೆ ಊರೇ ಹಬ್ಬಿತು. 1897ರ ಜೂನ್ 22ರ ರಾತ್ರಿ ಗಣೇಶಖಿಂಡಿಯ ರಸ್ತೆಯಲ್ಲಿ ಅವನ ಮೇಲೆ ಗುಂಡು ಹಾರಿತು. ಆ ವರ್ಷವೇ ಟಿಳಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಇಷ್ಟನ್ನು ನಾವು ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ ಓದುತ್ತೇವೆ, ಓದಿಸುತ್ತೇವೆ. ಆದರೆ ಇದು ಪ್ರಯಾಣಕ್ಕೂ ತಪಾಸಣೆಗೂ ಸರ್ಕಾರದ ಬಲಕ್ಕೂ ಸಂಬಂಧಿಸಿದ ಕಥೆ ಎಂಬುದನ್ನು ಪಠ್ಯಪುಸ್ತಕ ಒತ್ತಿ ಹೇಳುವುದಿಲ್ಲ.

ಬೆಳಗಾವಿ ಆಗ ಮುಂಬೈ ಇಲಾಖೆಗೆ ಸೇರಿತ್ತು. ರೈಲುಹಾದಿಯನ್ನು ಹಿಡಿದು ದಕ್ಷಿಣಕ್ಕೆ ಇಳಿದ ಪ್ಲೇಗು ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗಗಳನ್ನು ಹೊಕ್ಕಿತು. ಹುಬ್ಬಳ್ಳಿಯಿಂದ ರೈಲಿನಲ್ಲಿಯೇ 1898ರ ಆಗಸ್ಟಿನಲ್ಲಿ ಬೆಂಗಳೂರನ್ನೂ ತಲುಪಿತು. ಮೈಸೂರು ಸಂಸ್ಥಾನದಲ್ಲಿ ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ಕಟ್ಟುನಿಟ್ಟುಗಳ ವಿರುದ್ಧ ಜನ ದಂಗೆ ಎದ್ದರು. ಮದರಾಸು ಇಲಾಖೆಯಲ್ಲಿ ಸೋಂಕಿನ ಊರುಗಳಿಂದ ಬರುವವರಿಗೆ ‘ಪ್ಲೇಗ್ ಪಾಸ್‌ಪೋರ್ಟ್’ ಎಂಬ ಚೀಟಿ ಕೊಡುತ್ತಿದ್ದರು. ಅದನ್ನು ಹಿಡಿದುಕೊಂಡು ನಿತ್ಯವೂ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಹಿಂದಿನವರ ಪಾಲಿಗೆ ಅದು ಕಾಗದದ ಚೀಟಿ, ನಮ್ಮ ಪಾಲಿಗೆ ಮೊಬೈಲಿನಲ್ಲಿ ಬಂದ ಇ-ಪಾಸು. ಮುಂಬೈಯಲ್ಲಿ 1898ರ ಮಾರ್ಚಿನಲ್ಲಿ ಗಲಭೆಯಾದ ಮೇಲೆ ಸರ್ಕಾರ ಮೆಲ್ಲಮೆಲ್ಲನೆ ಬಲವಂತವನ್ನು ಸಡಿಲಿಸಿತು. ಅದೇ ವರ್ಷ ಹುಬ್ಬಳ್ಳಿ-ಧಾರವಾಡಗಳಲ್ಲಿ ಹಾಫ್‌ಕಿನ್ನನ ಲಸಿಕೆಯನ್ನು ಸಾವಿರಾರು ಜನ ಸಾಲುಗಟ್ಟಿ ಹಾಕಿಸಿಕೊಂಡರು.

ನಮ್ಮ ಅಜ್ಜಿ ಹೇಳುತ್ತಿದ್ದ ‘ಪಿಲೇಗಿನ’ ಕಥೆಯಲ್ಲಿ ಸರ್ಕಾರವೂ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಇಲಿ ಬಿದ್ದ ಮರುದಿನ ಊರಿನವರೆಲ್ಲ ತಾವಾಗಿಯೇ ಎತ್ತು, ಎಮ್ಮೆ, ಜೋಳದ ಚೀಲ ಸಮೇತ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಜನ ತಮ್ಮ ಅಂಜಿಕೆಯಿಂದಲೇ ತಮ್ಮ ಓಡಾಟವನ್ನು ನಿಲ್ಲಿಸಿಕೊಂಡದ್ದು ನಮ್ಮ ಕಡೆಗೆ ಹೊಸದೇನಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ಮುಂದೆ ಇದು ಬೇಕಾಗುತ್ತದೆ.

ಇನ್ನು 2020. ಮಾರ್ಚ್ 22ರಂದು ಜನತಾ ಕರ್ಫ್ಯೂ, ಸಂಜೆ ಐದಕ್ಕೆ ತಟ್ಟೆ ಜಾಗಟೆ. ಮಾರ್ಚ್ 24ರ ಮಧ್ಯರಾತ್ರಿಯಿಂದ ದೇಶವೆಲ್ಲ ಬಂದ್. ಮೊದಲು 21 ದಿನ, ಅನಂತರ ಮೇ 3, ಮೇ 17, ಮೇ 31ರವರೆಗೆ ಹಿಗ್ಗಿತು. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ ಆರಂಭದಲ್ಲಿ ಮೊದಲ ಸೋಂಕಿತರು ಪತ್ತೆಯಾದರು. ಹಿರೇಬಾಗೇವಾಡಿ, ಕುಡಚಿಗಳ ಹೆಸರು ದಿನವೂ ಸುದ್ದಿಯಲ್ಲಿ ಬರತೊಡಗಿತು. ಖಡೇ ಬಜಾರ, ರವಿವಾರ ಪೇಟೆಗಳು ಹಗಲು ಹೊತ್ತಿನಲ್ಲಿ ಖಾಲಿಯಾಗಿದ್ದುದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ.

ಆ ಮೊದಲ ಎರಡು ವಾರಗಳಲ್ಲಿ ಲಾಠಿಯ ಬಗ್ಗೆ ಜನರಲ್ಲಿದ್ದ ಭಾವನೆ ಯಾವುದು? ನಿಜ ಹೇಳಬೇಕೆಂದರೆ, ಮೆಚ್ಚುಗೆ. ಬೈಕಿನಲ್ಲಿ ಸುಮ್ಮನೆ ತಿರುಗಲು ಬಂದ ಹುಡುಗರಿಗೆ ಪೊಲೀಸರು ಬಸ್ಕಿ ಹೊಡೆಸುವ, ಹಿಂಬದಿಗೆ ಏಟು ಕೊಡುವ ವಿಡಿಯೋಗಳು ವಾಟ್ಸಾಪಿನಲ್ಲಿ ನಗೆಯ ಗುರುತುಗಳೊಡನೆ ಹರಿದಾಡಿದವು. ಹಿರಿಯರು, ಓದಿದವರು, ನನ್ನ ನಿವೃತ್ತ ಸ್ನೇಹಿತರು ಕೂಡ ‘ದಂಡಂ ದಶಗುಣಂ’ ಎಂದು ಬರೆದು ಅದನ್ನು ಮುಂದಕ್ಕೆ ಕಳುಹಿಸುತ್ತಿದ್ದರು. ಶಾಲೆಯಲ್ಲಿ ಮಗುವಿಗೆ ಛಡಿಯೇಟು ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳಿದಾಗ ‘ಇನ್ನು ಶಿಸ್ತು ಎಲ್ಲಿಂದ ಬರಬೇಕು’ ಎಂದು ಶಿಕ್ಷಕರ ಕೊಠಡಿಯಲ್ಲಿ ಗೊಣಗಿದ ದನಿಯೇ ಇದು ಎಂದು ನನಗನಿಸಿತು. 188ನೆಯ ಕಲಮಿನಲ್ಲಿ ಏನಿದೆಯೆಂದು ಆ ವಿಡಿಯೋ ಕಳುಹಿಸಿದವರಲ್ಲಿ ಎಷ್ಟು ಜನ ನೋಡಿದ್ದರೋ! ಅದರಲ್ಲಿದ್ದುದು ಒಂದು ತಿಂಗಳ ಸಾದಾ ಕಾರಾಗೃಹ ಅಥವಾ 200 ರೂಪಾಯಿ ದಂಡ. ಜನರ ಪ್ರಾಣಕ್ಕೆ, ಆರೋಗ್ಯಕ್ಕೆ ಅಪಾಯ ತಂದರೆ ಆರು ತಿಂಗಳು ಅಥವಾ 1000 ರೂಪಾಯಿ. ಅದನ್ನು ವಿಧಿಸಬೇಕಾದದ್ದೂ ನ್ಯಾಯಾಲಯ. ಬೀದಿಯಲ್ಲಿ ಬೆನ್ನಿಗೆ ಬೀಳುವ ಏಟು ಯಾವ ಕಲಮಿನಲ್ಲಿಯೂ ಇಲ್ಲ. ಬೆಂಗಳೂರಿನ ಪೊಲೀಸ್ ಆಯುಕ್ತರಾಗಿದ್ದ ಭಾಸ್ಕರ್ ರಾವ್ ಅವರು ಮಾರ್ಚ್ ಕೊನೆಯ ವಾರದಲ್ಲಿಯೇ ತಮ್ಮ ಸಿಬ್ಬಂದಿಗೆ ಲಾಠಿ ಬಿಟ್ಟು ಕೆಲಸ ಮಾಡಲು ಹೇಳಬೇಕಾಗಿ ಬಂದದ್ದು ಪರಿಸ್ಥಿತಿ ಎಲ್ಲಿಗೆ ಹೋಗಿತ್ತೆಂಬುದನ್ನು ತೋರಿಸುತ್ತದೆ.

ಖಾನಾಪುರದ ಕಡೆಗೆ ಬರೋಣ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ಪೀರನವಾಡಿ, ಮಚ್ಛೆ ದಾಟಿದರೆ ಅರ್ಧ ಗಂಟೆಯ ದಾರಿ. ನಮಗೆ ಅದು ಪ್ರಯಾಣವೇ ಅಲ್ಲ. ಬೆಳಿಗ್ಗೆ ಹೋಗಿ ಊಟಕ್ಕೆ ಮನೆಗೆ ಬರುವ ದಾರಿ. ಆದರೆ ಬೆಳಗಾವಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿ, ಖಾನಾಪುರ ಜಿಲ್ಲಾ ಪೊಲೀಸ್ ವರಿಷ್ಠರ ವ್ಯಾಪ್ತಿ. ಲಾಕ್‌ಡೌನಿನಲ್ಲಿ ಆ ಕಾಣದ ಗೆರೆ ಒಮ್ಮೆಲೇ ಕಾಣತೊಡಗಿತು. ಅತ್ತ ಖಾನಾಪುರ ತಾಲೂಕಿಗೆ ಇನ್ನೊಂದು ಗೆರೆಯೂ ಉಂಟು, ಗೋವಾದ ಗಡಿ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಇಳಿದರೆ ಗೋವಾ. ಬೆಳಗಾವಿಯ ಕಾಯಿಪಲ್ಲೆ, ಹಾಲು ಹೋಗದಿದ್ದರೆ ಗೋವಾದ ಅಡುಗೆಮನೆ ನಡೆಯದು ಎಂಬುದನ್ನು ನಾವು ತಮಾಷೆಗೆ ಹೇಳುತ್ತಿದ್ದೆವು. 2020ರ ಮಾರ್ಚ್ ಕೊನೆಯಲ್ಲಿ ಗಡಿ ಮುಚ್ಚಿ ಲಾರಿಗಳು ನಿಂತಾಗ ಅಲ್ಲಿ ನಿಜವಾಗಿಯೂ ತರಕಾರಿಗೆ ಹಾಹಾಕಾರವಾಯಿತು. ಇತ್ತ ನಮ್ಮ ರೈತರು ಹೊಲದಲ್ಲಿಯೇ ಎಲೆಕೋಸನ್ನು ದನಗಳಿಗೆ ಬಿಟ್ಟರು.

ಗೋವಾದಲ್ಲಿ ಕೂಲಿಗೆ ಹೋದ ಉತ್ತರ ಕರ್ನಾಟಕದವರ ಪಾಡು ಇನ್ನೂ ಬೇರೆ. ಕೆಲಸವಿಲ್ಲ, ಬಸ್ಸಿಲ್ಲ, ಬಾಡಿಗೆ ಕೊಡಲು ಹಣವಿಲ್ಲ. ರೈಲುಹಳಿ ಹಿಡಿದು, ಕಾಡುದಾರಿ ಹಿಡಿದು ಘಟ್ಟ ಹತ್ತಿದವರಿದ್ದರು. ಹಳಿ ಹಿಡಿದು ನಡೆಯುವುದೆಂದರೆ ಏನೆಂಬುದು ಮೇ 8ರಂದು ಔರಂಗಾಬಾದಿನ ಬಳಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿದಾಗ ದೇಶಕ್ಕೆಲ್ಲ ಗೊತ್ತಾಯಿತು. ಪೊಲೀಸರಿಗೆ ಹೆದರಿ ರಸ್ತೆ ಬಿಟ್ಟು ಕಾಡಿಗಿಳಿದವರು, ಅದೇ ಪೊಲೀಸರ ಕೈಯಿಂದ ಅನ್ನದ ಪೊಟ್ಟಣ ಈಸಿಕೊಂಡವರು ಇಬ್ಬರೂ ನಮ್ಮ ತಾಲೂಕಿನ ದಾರಿಯಲ್ಲಿಯೇ ಹೋದರು.

ಏಪ್ರಿಲ್ ಮಧ್ಯದಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಗಂಡ, ನಮ್ಮ ಮಾಮಾ, ತೀರಿಕೊಂಡರು. ಕೊರೊನಾ ಅಲ್ಲ, ಹೃದಯದ ಬೇನೆ. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿತ್ತು. ನಾನು, ನನ್ನ ಮಗ ಪರವಾನಗಿ ಪತ್ರ ಹಿಡಿದು ಹೊರಟೆವು. ಎರಡು ಕಡೆ ಪೊಲೀಸರು ತಡೆದರು. ಮೊದಲನೆಯ ಕಡೆ ಒಬ್ಬ ಹುಡುಗ ಪೇದೆ ದನಿ ಏರಿಸಿದ. ಅವನ ಹಿಂದಿದ್ದ ಹಿರಿಯ ಜಮಾದಾರರು ಪತ್ರವನ್ನು ಓದಿ, ‘ಮಣ್ಣಿಗೆ ಹೊಂಟಾರೋ, ಬಿಡು’ ಎಂದರು. ಎರಡನೆಯ ಕಡೆ ನಮ್ಮ ಮುಖವನ್ನೇ ನೋಡದೆ ಕೈಬೀಸಿದರು. ನಮ್ಮನ್ನು ನಿಜವಾಗಿ ತಡೆದದ್ದು ಮೂರನೆಯ ಜಾಗದಲ್ಲಿ, ಊರಿನ ಅಗಸೆಯ ಮುಂದೆ. ಅಲ್ಲಿ ಪೊಲೀಸರಿರಲಿಲ್ಲ. ಜಾಲಿಯ ಕಂಟಿ ಕಡಿದು ರಸ್ತೆಗೆ ಅಡ್ಡ ಹಾಕಿ ಊರ ಹುಡುಗರು ಬಡಿಗೆ ಹಿಡಿದು ಕುಳಿತಿದ್ದರು. ಅವರಲ್ಲೊಬ್ಬ ನನ್ನಲ್ಲಿಯೇ ಎಸೆಸೆಲ್ಸಿ ಓದಿದವನು. ಎದ್ದು ನಿಂತು ಕೈಮುಗಿದ. ‘ಸರ, ತಪ್ಪ ತಿಳ್ಕೋಬ್ಯಾಡ್ರಿ. ಪ್ಯಾಟಿಯಿಂದ ಬಂದವರನ್ನ ಒಳಗ ಬಿಡಬಾರದಂತ ಊರ ಪಂಚರು ಠರಾವ ಮಾಡ್ಯಾರ’ ಎಂದ. ಸರ್ಕಾರದ ಮೊಹರಿದ್ದ ಪತ್ರ ಅಲ್ಲಿ ನಡೆಯಲಿಲ್ಲ. ಅಕ್ಕ ಬೇಲಿಯ ಆಚೆ ಬಂದು ನಿಂತಳು, ನಾವು ಈಚೆ. ಅರ್ಧ ಗಂಟೆಯ ಮಾತುಕತೆಯ ನಂತರ ಊರ ಹೊರಗಿನ ಹಾದಿಯಿಂದ ನೇರವಾಗಿ ಹೊಲಕ್ಕೆ ಹೋಗಿ, ದೂರದಿಂದ ಮುಖ ನೋಡಿ ಮರಳಬಹುದೆಂದು ತೀರ್ಮಾನವಾಯಿತು. ಹಾಗೆಯೇ ಮಾಡಿದೆವು. ಆ ಹುಡುಗನ ಮೇಲೆ ನನಗೆ ಅಂದೂ ಸಿಟ್ಟು ಬರಲಿಲ್ಲ. ಅಜ್ಜಿಯ ಕಥೆಯ ಹೊಲದ ಗುಡಿಸಲು ಅವನ ಮುಳ್ಳುಕಂಟಿಯಲ್ಲಿ ನನಗೆ ಕಂಡಿತು. ಆದರೆ ಅಜ್ಜಿಯ ಕಾಲದಲ್ಲಿ ಊರೇ ಹೊರಗೆ ಹೋಗುತ್ತಿತ್ತು. ಈ ಸಲ ಊರು ಒಳಗಿದ್ದು ಇತರರನ್ನು ಹೊರಗಿಟ್ಟಿತು.

ಇಂಥ ಬೇಲಿಗಳು ರಾಜ್ಯದ ಎಷ್ಟೋ ಹಳ್ಳಿಗಳಲ್ಲಿದ್ದವು. ಹಾಗಾಗಿ ಪೊಲೀಸರು ಕಠಿಣರೋ ಜನ ಪಾಪದವರೋ ಎಂಬ ಸರಳ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ಕಟ್ಟುನಿಟ್ಟು ಎಲ್ಲರಿಗೂ ಬೇಕಿತ್ತು, ತಮ್ಮೊಬ್ಬರನ್ನು ಬಿಟ್ಟು!

ಏಪ್ರಿಲ್ 23ರಂದು ನಮ್ಮ ಜಿಲ್ಲೆಯ ಹೆಸರು ದೇಶದ ಸುದ್ದಿಯಾಯಿತು. ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ ರಜೆಯ ಮೇಲೆ ಬಂದಿದ್ದ ಸಿಆರ್‌ಪಿಎಫ್‌ನ ಕೋಬ್ರಾ ಪಡೆಯ ಕಮಾಂಡೊ ಒಬ್ಬರು ಮನೆಯ ಮುಂದೆ ಬೈಕು ತೊಳೆಯುತ್ತಿದ್ದರು. ಮಾಸ್ಕ್ ಹಾಕಿಲ್ಲವೆಂದು ಸದಲಗಾ ಠಾಣೆಯ ಪೊಲೀಸರು ಕೇಳಿದರು, ಮಾತಿಗೆ ಮಾತು ಬೆಳೆಯಿತು, ಕೈ ಕೈ ಮಿಲಾಯಿಸಿತು. ಅವರೇ ಪೊಲೀಸರ ಮೇಲೆ ಕೈಮಾಡಿದರೆಂದು ಪೊಲೀಸರು, ಪೊಲೀಸರೇ ಹೊಡೆದೊಯ್ದರೆಂದು ಮನೆಯವರು. ಠಾಣೆಯಲ್ಲಿ ಅವರನ್ನು ಸರಪಳಿ ಹಾಕಿ ಕೂಡಿಸಿದ್ದ ಚಿತ್ರ ಹೊರಬಿದ್ದ ಮೇಲೆ ಸಿಆರ್‌ಪಿಎಫ್ ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ ಪತ್ರ ಬರೆಯಿತು. ಅವರಿಗೆ ಜಾಮೀನು ಸಿಕ್ಕಿತು, ಠಾಣೆಯ ಪಿಎಸ್‌ಐ ಅಮಾನತಾದರು. ಬೆಳಗಾವಿ ಜಿಲ್ಲೆಯಲ್ಲಿ ಮನೆಗೊಬ್ಬ ಸೈನಿಕನಿರುವ ಊರುಗಳಿವೆ. ಬಸ್ಕಿಯ ವಿಡಿಯೋ ನೋಡಿ ನಕ್ಕಿದ್ದ ಅದೇ ವಾಟ್ಸಾಪ್ ಗುಂಪುಗಳು ಆ ಚಿತ್ರ ಬಂದ ದಿನ ಬೇರೆಯೇ ಮಾತಾಡಿದವು. ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ, ಅಂಗಡಿಯನ್ನು ಹೊತ್ತು ಮೀರಿ ತೆರೆದಿಟ್ಟರೆಂದು ಹಿಡಿದೊಯ್ದ ತಂದೆ-ಮಗ ಇಬ್ಬರೂ ಸತ್ತ ಸುದ್ದಿ ಬಂದ ಮೇಲಂತೂ ಲಾಠಿಯ ತಮಾಷೆ ನಿಂತೇ ಹೋಯಿತು.

ಗಡಿಯ ವಿಷಯದಲ್ಲಿ ಕಾಸರಗೋಡಿನ ಕನ್ನಡಿಗರನ್ನು ಮರೆಯಲಾಗದು. ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಅವರ ರೋಗಿಗಳು ಅತ್ತಲೇ ಉಳಿದರು; ಕೆಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಬೇಕಾಯಿತು.

2021ರ ಹೊತ್ತಿಗೆ ಜನರ ಮನಸ್ಸು ಪೂರಾ ಬದಲಾಗಿತ್ತು. ಕಾರಣ ಕಣ್ಣೆದುರೇ ಇತ್ತು. ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು 2020ರ ಸೆಪ್ಟೆಂಬರ್ 23ರಂದು ಕೊರೊನಾದಿಂದಲೇ ತೀರಿಕೊಂಡಿದ್ದರು. ಆ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ. ಎರಡನೆಯ ಅಲೆ ಏರುತ್ತಿದ್ದ ದಿನಗಳಲ್ಲಿಯೇ ಎಲ್ಲ ಪಕ್ಷಗಳ ಸಭೆ, ಮೆರವಣಿಗೆಗಳು ನಡೆದವು. ಚುನಾವಣಾ ಕರ್ತವ್ಯಕ್ಕೆ ಹೋಗಿ ಬಂದ ಶಿಕ್ಷಕರಲ್ಲಿ ಕೆಲವರು ಸೋಂಕಿಗೆ ಬಲಿಯಾದರು. ಅವರಿಗೆ ಮನೆಯಲ್ಲಿರುವ ಪರವಾನಗಿಯನ್ನು ಯಾರೂ ಕೊಡಲಿಲ್ಲ. ಅದಾಗಿ ಮೂರೇ ವಾರಕ್ಕೆ, ಮೇ 10ರಿಂದ, ರಾಜ್ಯದಲ್ಲಿ ಮತ್ತೆ ಬಂದ್. ಕಿರಾಣಿ ಸಾಮಾನಿಗೂ ವಾಹನ ತರಬಾರದು, ನಡೆದೇ ಹೋಗಬೇಕು ಎಂಬ ನಿಯಮ. ಮೊದಲ ದಿನವೇ ಲಾಠಿ ಬೀಸಿದ ದೃಶ್ಯಗಳು ಬಂದವು. ಈ ಸಲ ನಗುವಿನ ಗುರುತುಗಳಿರಲಿಲ್ಲ. ಜನರ ಆಕ್ರೋಶ ನೋಡಿ ಸರ್ಕಾರ ಹತ್ತಿರದ ಅಂಗಡಿಗೆ ವಾಹನದಲ್ಲಿ ಹೋಗಬಹುದೆಂದು ಸಡಿಲಿಸಿತು.

ಆ ತಿಂಗಳ 23ರಂದು ಗೋಕಾಕ ತಾಲೂಕಿನ ಕೊಣ್ಣೂರಿನ ಮರಡಿಮಠದಲ್ಲಿ ಕುದುರೆಯೊಂದು ಸತ್ತಿತು. ರೋಗ ದೂರವಾಗಲೆಂದು ಊರಲ್ಲಿ ಬಿಟ್ಟಿದ್ದ ದೇವರ ಕುದುರೆ ಅದು. ಮನುಷ್ಯರ ಶವಸಂಸ್ಕಾರಕ್ಕೆ ಐದು ಜನರ ಮಿತಿಯಿದ್ದ ದಿನಗಳಲ್ಲಿ ಅದರ ಅಂತ್ಯಯಾತ್ರೆಗೆ ನೂರಾರು ಜನ ಸೇರಿದರು. ಪ್ರಕರಣ ದಾಖಲಾಯಿತು, ಊರನ್ನು ಸೀಲ್ ಮಾಡಿದರು. ಪಟ್ಟಣದವರು ಇದನ್ನು ಮೂಢನಂಬಿಕೆಯೆಂದು ಆಡಿಕೊಂಡರು. ಬೆಂಗಳೂರಿನಲ್ಲಿ ಪ್ಲೇಗಿನ ಮಾರಮ್ಮನಿಗೆ ಕಟ್ಟಿದ ಗುಡಿಗಳಲ್ಲಿ ಇಂದಿಗೂ ಪೂಜೆ ನಡೆಯುತ್ತದೆ ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ.

ಪೊಲೀಸರ ಕಡೆಯ ಮಾತನ್ನು ಇಲ್ಲಿ ನಾನು ಸಾಲದಷ್ಟೇ ಬರೆದಿದ್ದೇನೆ. ಪೊಲೀಸ್ ತರಬೇತಿ ಶಾಲೆಯಿರುವ ಊರು ಖಾನಾಪುರ. ನನ್ನ ವಿದ್ಯಾರ್ಥಿಗಳಲ್ಲಿಯೂ ಆ ಖಾಕಿ ತೊಟ್ಟವರಿದ್ದೀರಿ. ಬಿಸಿಲಲ್ಲಿ ಹನ್ನೆರಡು ತಾಸು ನಿಂತು, ರಾತ್ರಿ ಮನೆಯ ಪಡಸಾಲೆಯಲ್ಲಿ ಮಕ್ಕಳಿಂದ ದೂರ ಮಲಗಿದವರು ನೀವು. ಬೆಂಗಳೂರಿನಲ್ಲಿ 55 ದಾಟಿದ ಸಿಬ್ಬಂದಿಗೆ ಮನೆಯಲ್ಲಿರಲು ಹೇಳುವಷ್ಟು ಸೋಂಕು ನಿಮ್ಮ ಇಲಾಖೆಯೊಳಗೆ ಹಬ್ಬಿತ್ತು. 188ನೆಯ ಕಲಮು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯಲ್ಲಿ 223 ಆಗಿದೆ. ಆ ವರ್ಷದ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 286ನೆಯ ವರದಿಯಲ್ಲಿ 1897ರ ಕಾಯಿದೆಯ ಕೊರತೆಗಳನ್ನು ಪಟ್ಟಿ ಮಾಡಿತು. ಚೆಕ್‌ಪೋಸ್ಟಿನಲ್ಲಿ ನಿಂತು ಆ ಕೊರತೆಗಳನ್ನು ಕಂಡವರು ನೀವೇ. ಪತ್ರ ಹಿಡಿದು ಬಂದವನನ್ನು ಬಿಡಬೇಕೋ ಬೇಡವೋ ಎಂದು ಆ ಅರ್ಧ ನಿಮಿಷದಲ್ಲಿ ಹೇಗೆ ತೀರ್ಮಾನಿಸುತ್ತಿದ್ದಿರಿ, ಮೇಲಿನಿಂದ ಏನು ಹೇಳಿದ್ದರು, ಯಾರನ್ನು ಬಿಟ್ಟಿರಿ, ಯಾರನ್ನು ತಿರುಗಿಸಿ ಕಳುಹಿಸಿದಿರಿ, ನನಗೆ ಬರೆದು ಕಳುಹಿಸಿರಿ. ಹೆಸರು ಹಾಕುವುದಿಲ್ಲ. ಕಾಗುಣಿತ ತಪ್ಪಿದರೂ ಅಂಕ ಕಳೆಯುವುದಿಲ್ಲ.