ಬೆಂಗಳೂರಿಗೆ ಬಂದ ಡೆಸ್ಡಿಮೋನಾ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ರಾಮನಗರದ ಹತ್ತಿರ ಬಂದಾಗ ಬೋಗಿಯಲ್ಲಿ ಯಾರಾದರೊಬ್ಬರು ಬಂಡೆಗಳತ್ತ ಕೈ ತೋರಿಸಿ ‘ಶೋಲೆ’ಯ ಮಾತು ತೆಗೆಯುತ್ತಾರೆ. ಪುಣೆಯಿಂದ ಊರಿಗೆ ಹೋದಾಗಲೆಲ್ಲ ನನಗಿದು ತಪ್ಪಿದ್ದಲ್ಲ. ಆದರೆ ಆ ಬಂಡೆಗಳು ನನಗೆ ಇನ್ನೊಂದು ಚಿತ್ರವನ್ನೂ ನೆನಪಿಸುತ್ತವೆ: ಡೇವಿಡ್ ಲೀನ್ ನಿರ್ದೇಶಿಸಿದ, 1984ರ ‘ಎ ಪ್ಯಾಸೇಜ್ ಟು ಇಂಡಿಯಾ’. ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯ ಚಂದ್ರಾಪುರ ಗಂಗೆಯ ದಡದ ಊರು. ಲೀನ್ ಅದನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಮರಾಬಾರ್ ಗುಹೆಗಳಿಗಾಗಿ ಅವರು ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳಿಗೆ ಹೋದರು.

ಆ ಚಿತ್ರವನ್ನು ಮೊದಲ ಸಲ ನೋಡಿದಾಗ ನಾನು ನಮ್ಮ ಬಂಡೆಗಳನ್ನೇ ಹುಡುಕುತ್ತ ಕೂತಿದ್ದೆ. ಎರಡನೇ ಸಲ ಕಣ್ಣು ನಿಂತದ್ದು ಮಿಸೆಸ್ ಮೂರ್ ಎಂಬ ಮುದುಕಿಯ ಮೇಲೆ. ರಾತ್ರಿ ಮಸೀದಿಯಲ್ಲಿ ಅವಳನ್ನು ಕಂಡ ಡಾಕ್ಟರ್ ಅಜೀಜ್ ಸಿಟ್ಟಾಗುತ್ತಾನೆ. ಈ ಬಿಳಿಯ ಹೆಂಗಸು ಬೂಟು ಹಾಕಿಕೊಂಡೇ ಒಳಗೆ ಬಂದಿರಬೇಕು ಎಂದು ಅವನ ಅನುಮಾನ. ಅವಳೋ ಬೂಟು ಬಿಚ್ಚಿಟ್ಟೇ ಬಂದಿರುತ್ತಾಳೆ. ಅಲ್ಲಿಂದ ಅವರ ಸ್ನೇಹ ಶುರು. ಈ ಪಾತ್ರ ಮಾಡಿದ ಪೆಗ್ಗಿ ಆ್ಯಶ್‌ಕ್ರಾಫ್ಟ್ ಯಾರು ಎಂದು ಹುಡುಕಹೊರಟವನಿಗೆ ಸಿಕ್ಕಿದ್ದು ಅರ್ಧ ಶತಮಾನ ಹಿಂದಿನ ಇನ್ನೊಂದು ಕಥೆ.

ಪೆಗ್ಗಿ ಹುಟ್ಟಿದ್ದು 1907ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲನೇ ಮಹಾಯುದ್ಧದಲ್ಲಿ ತೀರಿಕೊಂಡರು. ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ನಟನೆ ಕಲಿತರು. ಅಲ್ಲಿ ಲಾರೆನ್ಸ್ ಒಲಿವಿಯೆ ಅವರ ಸಹಪಾಠಿ. 1930ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಸವಾಯ್ ಥಿಯೇಟರಿನ ‘ಒಥೆಲೋ’ದಲ್ಲಿ ಡೆಸ್ಡಿಮೋನಾ ಆದರು. ಒಥೆಲೋ ಆಗಿದ್ದವರು ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಆ ಪಾತ್ರ ಮಾಡುವುದೇ ರೂಢಿಯಾಗಿದ್ದ ಕಾಲ ಅದು. ಕಪ್ಪು ನಟನೊಬ್ಬ ರಂಗದ ಮೇಲೆ ಬಿಳಿಯ ಹುಡುಗಿಗೆ ಮುತ್ತಿಡಬಹುದೇ ಎಂಬುದು ದೊಡ್ಡ ಚರ್ಚೆಯೇ ಆಯಿತು. ಪೆಗ್ಗಿಗೆ ದ್ವೇಷದ ಪತ್ರಗಳು ಬಂದವು.

ಆ ಥಿಯೇಟರಿಗೆ ಅಂಟಿಕೊಂಡೇ ಸವಾಯ್ ಹೋಟೆಲು. ಹಿಂದಿನ ವರ್ಷವಷ್ಟೇ ಅಲ್ಲಿಯ ಗ್ರಿಲ್ ರೂಮಿನಲ್ಲಿ ರೋಬ್ಸನ್‌ಗೆ ಪ್ರವೇಶ ಕೊಟ್ಟಿರಲಿಲ್ಲ. ಒಂದು ಗೋಡೆಯ ಈಚೆ ಚಪ್ಪಾಳೆ, ಆಚೆ ಊಟಕ್ಕೆ ಜಾಗವಿಲ್ಲ. ಪೆಗ್ಗಿ ಇದನ್ನು ಮರೆಯಲಿಲ್ಲ. ತಮ್ಮ ರಾಜಕೀಯ ಕಣ್ಣು ತೆರೆಸಿದ್ದು ಈ ‘ಒಥೆಲೋ’ ಎಂದು ನಂತರವೂ ನೆನೆಯುತ್ತಿದ್ದರು.

ಮುಂದಿನ ಐವತ್ತು ವರ್ಷ ಅವರದು ಹೆಚ್ಚಾಗಿ ರಂಗಭೂಮಿಯ ಬದುಕು. 1935ರಲ್ಲಿ ಜೂಲಿಯೆಟ್; ಗೀಲ್ಗುಡ್ ಮತ್ತು ಒಲಿವಿಯೆ ಸರದಿಯಂತೆ ರೋಮಿಯೋ ಆದರು. 1954ರಲ್ಲಿ ಹೆಡ್ಡಾ ಗ್ಯಾಬ್ಲರ್. ಪೀಟರ್ ಹಾಲ್ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಕಟ್ಟಿದಾಗ ಮೊದಲಿನಿಂದಲೇ ಜೊತೆಗಿದ್ದರು. 1963ರ ‘ವಾರ್ಸ್ ಆಫ್ ದ ರೋಸಸ್’ನಲ್ಲಿ ರಾಣಿ ಮಾರ್ಗರೆಟ್ ಆಗಿ ಹುಡುಗಿಯಿಂದ ಹಣ್ಣು ಮುದುಕಿಯವರೆಗೆ ಬೆಳೆದರು, ಆಗ ಅವರಿಗೆ ಐವತ್ತೈದು ದಾಟಿತ್ತು. ಸಿನಿಮಾ ಮಾಡಿದ್ದು ಬೆರಳೆಣಿಕೆಯಷ್ಟು. ಹಿಚ್‌ಕಾಕ್‌ರ ‘ದ 39 ಸ್ಟೆಪ್ಸ್’ನಲ್ಲಿ ರೈತನ ಹೆಂಡತಿಯಾಗಿ ಕೆಲವೇ ನಿಮಿಷ ಬಂದು ಹೋಗುತ್ತಾರೆ.

ಲೀನ್ ಕರೆದಾಗ ಅವರು ಹಿಂಜರಿದರು. ‘ದ ಜ್ಯುಯೆಲ್ ಇನ್ ದ ಕ್ರೌನ್’ ಧಾರಾವಾಹಿಗಾಗಿ ಆಗಷ್ಟೇ ಭಾರತದಲ್ಲಿ ಕೆಲಸ ಮಾಡಿದ್ದರು. ನನಗೆ ಎಪ್ಪತ್ತೈದು ಎಂದರಂತೆ. ನನಗೂ ಅಷ್ಟೇ ಎಂದರಂತೆ ಲೀನ್. ಕೊನೆಗೆ ಒಪ್ಪಿದರು.

ಕಥೆ ಒಂದು ರೀತಿಯಲ್ಲಿ ಹಳೆಯದೇ. ಬಿಳಿಯ ಹುಡುಗಿಯೊಬ್ಬಳು ಕಂದು ಬಣ್ಣದ ಅಜೀಜ್‌ನ ಮೇಲೆ ಆರೋಪ ಹೊರಿಸುತ್ತಾಳೆ. ಇಂಗ್ಲಿಷರ ಕ್ಲಬ್ಬು ವಿಚಾರಣೆಗೆ ಮೊದಲೇ ತೀರ್ಪು ಬರೆದಿಡುತ್ತದೆ. ಅವನು ನಿರಪರಾಧಿ ಎಂದು ಮಿಸೆಸ್ ಮೂರ್‌ಗೆ ಗೊತ್ತು. ಆದರೂ ಸಾಕ್ಷಿ ಹೇಳಲು ನಿಲ್ಲದೆ ಹಡಗು ಹತ್ತುತ್ತಾಳೆ, ಸಮುದ್ರದಲ್ಲೇ ಸಾಯುತ್ತಾಳೆ. ಪೆಗ್ಗಿ ಈ ಪಾತ್ರವನ್ನು ದೇವತೆ ಮಾಡಲಿಲ್ಲ ಎಂಬುದೇ ನನಗೆ ಮುಖ್ಯ. ಆ ಮುಖದಲ್ಲಿ ಕರುಣೆಯಷ್ಟೇ ಆಯಾಸವೂ ಇದೆ, ಕಿರಿಕಿರಿಯೂ ಇದೆ. ಬೂಟು ಬಿಚ್ಚಿ ಒಳಗೆ ಬರುವುದು ದೊಡ್ಡದು, ಆದರೆ ಅಷ್ಟು ಸಾಲದು ಎಂದು ಆ ಮುಖ ಹೇಳುತ್ತದೆ.

ಸಿನಿಮಾ ತಾನೇ ಪೂರ್ತಿ ಬದಲಾಗಿರಲಿಲ್ಲ. ಅಜೀಜ್ ಪಾತ್ರಕ್ಕೆ ವಿಕ್ಟರ್ ಬ್ಯಾನರ್ಜಿ ಬಂದರು. ಬ್ರಾಹ್ಮಣ ಗೋಡಬೋಲೆಯ ಪಾತ್ರ ಮಾತ್ರ ಬಣ್ಣ ಬಳಿದುಕೊಂಡ ಅಲೆಕ್ ಗಿನ್ನೆಸ್‌ಗೆ ಹೋಯಿತು. ರೋಬ್ಸನ್ ಒಥೆಲೋ ಆಗಿ ಐವತ್ತು ವರ್ಷ ಕಳೆದ ಮೇಲೂ!

ಇನ್ನೊಂದು ಸಂಗತಿ. 1930ರ ಆ ‘ಒಥೆಲೋ’ದಲ್ಲಿ ಎಮಿಲಿಯಾ ಆಗಿದ್ದವರು ಸಿಬಿಲ್ ಥಾರ್ನ್‌ಡೈಕ್. ಬಿಬಿಸಿ 1965ರಲ್ಲಿ ಇದೇ ಕಾದಂಬರಿಯನ್ನು ಟೆಲಿವಿಷನ್‌ಗೆ ತಂದಾಗ ಮಿಸೆಸ್ ಮೂರ್ ಆದದ್ದೂ ಅವರೇ. ರೋಬ್ಸನ್ ಜೊತೆ ನಿಂತಿದ್ದ ಇಬ್ಬರೂ ಮುಪ್ಪಿನಲ್ಲಿ ಒಂದೇ ಪಾತ್ರಕ್ಕೆ ಬಂದು ಸೇರಿದರು.

1985ರಲ್ಲಿ ಪೆಗ್ಗಿಗೆ ಪೋಷಕ ನಟಿಯ ಆಸ್ಕರ್ ಬಂತು. ವಯಸ್ಸು ಎಪ್ಪತ್ತೇಳು. ಸಮಾರಂಭಕ್ಕೆ ಅವರು ಹೋಗಿರಲಿಲ್ಲ. ಅವರ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ಪಡೆದರು. 1991ರಲ್ಲಿ ಪೆಗ್ಗಿ ತೀರಿಕೊಂಡರು.

ಮುಂದಿನ ಸಲ ರೈಲಿನಲ್ಲಿ ಯಾರಾದರೂ ಗಬ್ಬರ್ ಸಿಂಗನ ಮಾತು ತೆಗೆದರೆ, ಮಿಸೆಸ್ ಮೂರ್ ಕಥೆಯನ್ನೂ ಹೇಳಬೇಕೆಂದಿದ್ದೇನೆ. ರಾಮನಗರದಿಂದ ಮೈಸೂರಿಗೆ ಅಷ್ಟು ಹೊತ್ತಂತೂ ಇದ್ದೇ ಇರುತ್ತದೆ.